ಮೆಂಡೊಸಿನೋದ ಹಳೆಯ ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಎರಡು ರಾತ್ರಿ: ಯಾವ ಕೋಣೆ ಹಿಡಿಯಬೇಕು?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಸೆಪ್ಟೆಂಬರ್‌ನಲ್ಲಿ ಶಿವಮೊಗ್ಗದಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅವರ ಮದುವೆಯಾಗಿ 45 ವರ್ಷ ತುಂಬುತ್ತದೆ. ಮೆಂಡೊಸಿನೋ ಅನ್ನುವ ಕಡಲ ದಂಡೆಯ ಹಳ್ಳಿಯಲ್ಲಿ ಹಳೆಯ ಕಾಲದ ಮನೆಗಳನ್ನು ಐಷಾರಾಮಿ ಬಿ ಅಂಡ್ ಬಿ (ತಂಗಲು ಕೋಣೆ, ಬೆಳಗಿನ ತಿಂಡಿ ಕೊಡುವ ಮನೆ) ಮಾಡಿದ್ದಾರಂತೆ. ಅಲ್ಲಿ ಎರಡು ರಾತ್ರಿ ಅವರನ್ನು ಇರಿಸಬೇಕು ಅಂತ ಆಸೆ. ಅಪ್ಪ ನಿವೃತ್ತ ಮೇಷ್ಟ್ರು, ಹಳೆಯ ಮನೆ, ಹಳೆಯ ಕಥೆ ಅಂದರೆ ಪ್ರಾಣ. ಅಮ್ಮನಿಗೆ ಮಂಡಿನೋವು, ಮೊಟ್ಟೆಯನ್ನೂ ತಿನ್ನುವುದಿಲ್ಲ. ನಮಗೆ ಐದು ವರ್ಷದ ಮಗಳಿದ್ದಾಳೆ. ಒಂದು ಕೋಣೆಗೆ ರಾತ್ರಿಗೆ ಮುನ್ನೂರು ಡಾಲರ್ ಮೇಲೆ ಕೇಳುತ್ತಿದ್ದಾರೆ. ಮಾಮೂಲಿ ಹೋಟೆಲಿಗಿಂತ ಅಷ್ಟು ಜಾಸ್ತಿ ಕೊಡಬಹುದಾ? ಯಾವ ಮನೆ ಹಿಡಿಯಲಿ?

ಉತ್ತರ:

ಹೋಗಿ, ಖಂಡಿತ ಹೋಗಿ. ಆದರೆ ಯಾವ ಮನೆ ಅಂತ ಕೇಳುವ ಮೊದಲು ಯಾವ ಕೋಣೆ ಅಂತ ಕೇಳಿ. ಪ್ರವಾಸದ ಏರ್ಪಾಡು ಮಾಡಿಕೊಡುವುದೇ ನನ್ನ ಕೆಲಸ. ಹಿರಿಯರನ್ನು ಕರೆದುಕೊಂಡು ಇಂಥ ಮನೆಗಳಿಗೆ ಹೋಗಿ ಬಂದವರು ಬೇಜಾರು ಹೇಳಿಕೊಂಡರೆ, ವಿಚಾರಿಸಿ ನೋಡಿದಾಗ ಮನೆಯ ಬಗ್ಗೆ ಅವರಿಗೆ ತಕರಾರು ಇರುವುದಿಲ್ಲ. ಸಿಕ್ಕ ಕೋಣೆ ಅವರಿಗೆ ಹೊಂದಿರುವುದಿಲ್ಲ, ಅಷ್ಟೇ.

ಹೋಟೆಲಿನಲ್ಲಿ ಎಲ್ಲಾ ಕೋಣೆಗಳೂ ಒಂದೇ ಥರ. ಯಾವುದು ಕೊಟ್ಟರೂ ನಡೆಯುತ್ತದೆ. ಮೆಂಡೊಸಿನೋದ ಮನೆಗಳು ಹಾಗಲ್ಲ. ಅವನ್ನು ಕಟ್ಟಿದ್ದು ಸಂಸಾರ ಮಾಡುವುದಕ್ಕೆ. ಯಜಮಾನರು ಮಲಗುತ್ತಿದ್ದ ಕೋಣೆ ಒಂದು, ಮಕ್ಕಳದ್ದು ಇನ್ನೊಂದು, ಮೇಲೆ ಅಟ್ಟ, ಹಿತ್ತಲಲ್ಲಿ ಕುದುರೆ ಲಾಯ, ಪಕ್ಕದಲ್ಲಿ ನೀರಿನ ಗೋಪುರ. ಇವತ್ತು ಇವೆಲ್ಲಾ ಬಾಡಿಗೆ ಕೋಣೆಗಳಾಗಿವೆ. ಒಂದೇ ಬೇಲಿಯೊಳಗೆ ಒಂದು ಕೋಣೆ ನಿಮ್ಮ ಅಮ್ಮನಿಗೆ ಸ್ವರ್ಗ, ಇನ್ನೊಂದು ಶಿಕ್ಷೆ. ಎರಡರ ಬಾಡಿಗೆ ಹತ್ತಿರ ಹತ್ತಿರ ಒಂದೇ ಇರಬಹುದು.

ಮೊದಲು ಮೆಟ್ಟಿಲು ನೋಡಿ. ಇಲ್ಲಿನ ಹಳೆಯ ಮರದ ಮನೆಗಳಲ್ಲಿ ಮೆಟ್ಟಿಲು ಕಡಿದು, ಅಗಲ ಕಡಿಮೆ. ಕಾಲು ಅಡ್ಡಡ್ಡ ಇಟ್ಟು ಇಳಿಯಬೇಕಾಗುತ್ತದೆ. ಲಿಫ್ಟ್ ಅನ್ನುವುದನ್ನು ಮರೆತುಬಿಡಿ. ಮನೆಯೊಡೆಯರು ಅದೇ ಮನೆಯಲ್ಲಿ ವಾಸವಿದ್ದು, ಬಾಡಿಗೆಗೆ ಕೊಡುವ ಕೋಣೆಗಳು ಐದು ಮೀರದಿದ್ದರೆ, ಅಂಗವಿಕಲರಿಗೆ ಅನುಕೂಲ ಮಾಡಿಕೊಡಬೇಕು ಅನ್ನುವ ಅಮೆರಿಕದ ಕೇಂದ್ರ ಕಾನೂನು ಅಂಥ ಮನೆಗೆ ಅನ್ವಯಿಸುವುದಿಲ್ಲ. ಹಾಗಾಗಿ ಕಾನೂನು ನೋಡಿಕೊಳ್ಳುತ್ತದೆ ಅಂತ ನಂಬಿ ಕೂರಬೇಡಿ. ದೊಡ್ಡ ಮನೆಗಳಲ್ಲಿ ನೆಲಮಟ್ಟದ ಕೋಣೆ ಇದ್ದರೂ ಅದು ಮುಖ್ಯ ಮನೆಯಲ್ಲಿ ಇರುವುದು ಕಡಿಮೆ. ಹಿತ್ತಲಿನ ಕಾಟೇಜಿನಲ್ಲೋ, ದುರಸ್ತಿ ಮಾಡಿದ ಕೊಟ್ಟಿಗೆಯಲ್ಲೋ ಇರುತ್ತದೆ. ವೆಬ್‌ಸೈಟಿನಲ್ಲಿ ನೆಲಮಟ್ಟ ಅಂತ ಬರೆದಿದ್ದರೂ ಜಗಲಿಗೆ ಹತ್ತಲು ನಾಲ್ಕೈದು ಮೆಟ್ಟಿಲು ಇರಬಹುದು. ಕಾರು ನಿಲ್ಲಿಸುವ ಜಾಗದಿಂದ ಹಾಸಿಗೆಯವರೆಗೆ ಒಟ್ಟು ಎಷ್ಟು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇದೆಯಾ ಅಂತ ಫೋನ್ ಮಾಡಿಯೇ ಕೇಳಿ.

ನೀರಿನ ಗೋಪುರದ ಕೋಣೆಗಳ ಫೋಟೋ ನೋಡಿ ಮನಸ್ಸು ಸೋಲುತ್ತದೆ. ಎತ್ತರದಲ್ಲಿ ಹಾಸಿಗೆ, ನಾಲ್ಕೂ ಕಡೆ ಕಿಟಕಿ, ಎದುರಿಗೆ ಕಡಲು. ಹೊಸದಾಗಿ ಮದುವೆಯಾದವರಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮಂಡಿನೋವು ಇರುವವರಿಗೆ ಮಾತ್ರ ಬೇಡವೇ ಬೇಡ. ರಾತ್ರಿ ಬಚ್ಚಲಿಗೆ ಹೋಗಬೇಕಾದರೆ ಕಡಿದಾದ ಏಣಿಮೆಟ್ಟಿಲು ಇಳಿಯುವಂಥ ಕೋಣೆಗಳೂ ಇರುತ್ತವೆ.

ಎರಡನೆಯದು ಬಚ್ಚಲು. ಹಳೆಯ ಮನೆ ಅಂದ ತಕ್ಷಣ ಪಂಜದಂಥ ಕಾಲಿರುವ ಬಿಳಿ ಬಾತ್‌ಟಬ್ಬಿನ ಫೋಟೋ ಹಾಕಿರುತ್ತಾರೆ. ನೋಡೋಕೆ ಚೆಂದ. ಆದರೆ ಅದರ ಅಂಚು ಮಂಡಿಗಿಂತ ಎತ್ತರ ಇರುತ್ತದೆ, ಒಳಗೆ ನುಣುಪು. ಸೀರೆ ಉಡುವ, ಮಂಡಿ ಮಡಚಲಾಗದ ಹೆಂಗಸು ಅದರೊಳಗೆ ಕಾಲಿಟ್ಟು ಇಳಿಯುವುದು ಅಪಾಯ. ಹೊಸಿಲು ದಾಟಿ ಒಳಗೆ ನಿಂತು ಸ್ನಾನ ಮಾಡುವ ಶವರ್ ಇರುವ ಕೋಣೆಯೇ ಬೇಕು ಅಂತ ಹೇಳಿ. ಬಕೆಟ್, ಚೊಂಬು ಸಿಗುವುದಿಲ್ಲ. ಒಂದು ಪ್ಲಾಸ್ಟಿಕ್ ಮಗ್ಗು ಮನೆಯಿಂದಲೇ ಹಾಕಿಕೊಂಡು ಹೋಗಿ. ಬಚ್ಚಲು ಕೋಣೆಗೆ ಅಂಟಿಕೊಂಡೇ ಇದೆಯಾ, ನಡುವೆ ಹಜಾರ ದಾಟಬೇಕಾ ಅಂತಲೂ ವಿಚಾರಿಸಿ.

ಮೂರನೆಯದು ಮಂಚ. ಹಳೆಯ ಮಂಚಗಳು ಎತ್ತರ. ಹತ್ತಲು ಪುಟ್ಟ ಮಣೆ ಇಟ್ಟಿರುತ್ತಾರೆ. ಅಮ್ಮನಿಗೆ ಆ ಮಣೆಯೇ ಮುಳುವಾಗಬಹುದು. ಮಂಚದ ಎತ್ತರ ಎಷ್ಟು ಅಂತ ಕೇಳಿದರೆ ಯಾರೂ ನಗುವುದಿಲ್ಲ. ಅಳತೆ ಮಾಡಿ ಹೇಳುತ್ತಾರೆ. ಇಂಥ ಮನೆ ನಡೆಸುವವರಲ್ಲಿ ನನಗೆ ತುಂಬಾ ಹಿಡಿಸುವ ಗುಣ ಇದು.

ಇನ್ನು ದುಡ್ಡಿನ ಮಾತು. ಬರೀ ಮಲಗುವುದಕ್ಕೆ, ಸ್ನಾನಕ್ಕೆ ಅಂತ ಲೆಕ್ಕ ಹಾಕಿದರೆ ಮುನ್ನೂರು ಡಾಲರ್ ಖಂಡಿತ ಜಾಸ್ತಿ. ಉತ್ತರಕ್ಕೆ ಹತ್ತು ಮೈಲಿ ದೂರದ ಫೋರ್ಟ್ ಬ್ರ್ಯಾಗ್ ಊರಿನ ಮೋಟೆಲುಗಳಲ್ಲಿ ತುಂಬಾ ಕಡಿಮೆಗೆ ಕೋಣೆ ಸಿಗುತ್ತದೆ. ಮೆಂಡೊಸಿನೋದಲ್ಲಿ ದುಡ್ಡು ಕೊಡುವುದು ಆ ಮನೆಗೆ, ಅದರ ಕಥೆಗೆ. ನಿಮ್ಮ ಅಪ್ಪ ಹಳೆಯ ಕಥೆ ಅಂದರೆ ಪ್ರಾಣ ಬಿಡುವವರು ಅಂದಿರಲ್ಲ, ಅದಕ್ಕೇ ನಾನು ಹೋಗಿ ಅಂದಿದ್ದು. ಆ ಕಥೆಯ ತುದಿ ನಮ್ಮ ದೇಶಕ್ಕೂ ಬಂದು ಮುಟ್ಟುತ್ತದೆ.

1844ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಫ್ರಾಲಿಕ್ ಅನ್ನುವ ಹಾಯಿಹಡಗು ಕಟ್ಟಿದರು. ಅದರ ಕೆಲಸ ಬೊಂಬಾಯಿಯಿಂದ ಚೀನಾಕ್ಕೆ ಅಫೀಮು ಸಾಗಿಸುವುದು. ನಮ್ಮ ಮಾಳವದಲ್ಲಿ ಬೆಳೆದ ಅಫೀಮು ಬೊಂಬಾಯಿ ಬಂದರಿಗೆ ಬಂದು, ಅಲ್ಲಿಂದ ಚೀನಾಕ್ಕೆ ಹೋಗುತ್ತಿದ್ದ ಕಾಲ ಅದು. ಆಮೇಲೆ ಆ ದಾರಿಗೆ ಉಗಿಹಡಗುಗಳು ಬಂದವು. ಫ್ರಾಲಿಕ್‌ಗೆ ಅಲ್ಲಿ ಕೆಲಸ ಉಳಿಯಲಿಲ್ಲ. ಅಷ್ಟರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತ್ತು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜನ ತುಂಬಿ ತುಳುಕುತ್ತಿದ್ದರು. ಹಡಗಿನವರು ಚೀನಾದ ಪಿಂಗಾಣಿ, ರೇಷ್ಮೆ, ಪೀಠೋಪಕರಣ ಹೇರಿಕೊಂಡು ಈ ಕಡೆ ಹೊರಟರು. 1850ರ ಜುಲೈನಲ್ಲಿ ಮೆಂಡೊಸಿನೋಗೆ ಸ್ವಲ್ಪ ಉತ್ತರಕ್ಕೆ, ಇವತ್ತು ಪಾಯಿಂಟ್ ಕ್ಯಾಬ್ರಿಲೋ ಅನ್ನುವ ಜಾಗದ ಹತ್ತಿರ, ಹಡಗು ಬಂಡೆಗೆ ಬಡಿದು ಒಡೆಯಿತು.

ಮುಂದಿನ ವರ್ಷ ಸ್ಯಾನ್ ಫ್ರಾನ್ಸಿಸ್ಕೋದಿಂದ ಜೆರೋಮ್ ಫೋರ್ಡ್ ಅನ್ನುವವನು ಆ ಸರಕು ಹುಡುಕಿಕೊಂಡು ಬಂದ. ಅವನ ಕೈಗೆ ಸರಕು ಸಿಗಲಿಲ್ಲ. ಇಲ್ಲಿನ ಮೂಲನಿವಾಸಿಗಳಾದ ಪೋಮೋ ಜನ ಅದನ್ನು ಅಷ್ಟರಲ್ಲಾಗಲೇ ಹೊತ್ತೊಯ್ದಿದ್ದರು. ಎಷ್ಟೋ ಕಾಲದ ಮೇಲೆ ಅವರ ಹಳೆಯ ನೆಲೆಗಳನ್ನು ಅಗೆದಾಗ ಚೀನಾದ ಪಿಂಗಾಣಿ ಚೂರುಗಳು ಸಿಕ್ಕವು. ಬಾಟ್ಲಿಯ ಗಾಜನ್ನು ಅವರು ಬಾಣದ ಮೊನೆ ಮಾಡಿಕೊಂಡಿದ್ದರು. ಫೋರ್ಡ್ ಕಣ್ಣಿಗೆ ಬಿದ್ದದ್ದು ಬೇರೆಯೇ ನಿಧಿ: ಮುಗಿಲು ಮುಟ್ಟುವ ರೆಡ್‌ವುಡ್ ಮರಗಳ ಕಾಡು. 1852ಕ್ಕೆಲ್ಲಾ ಮರ ಕೊಯ್ಯುವ ಗಿರಣಿ ಶುರುವಾಯಿತು. ಅದರ ಸುತ್ತ ಬೆಳೆದ ಊರೇ ಮೆಂಡೊಸಿನೋ. ಇಲ್ಲಿ ದೊಡ್ಡ ಬಂದರು ಇಲ್ಲ. ಬಂಡೆಯ ತುದಿಯಿಂದ ಮರದ ಜಾರುಹಾದಿ ಕಟ್ಟಿ, ಕೊಯ್ದ ಹಲಗೆಗಳನ್ನು ಕೆಳಗೆ ನಿಂತ ಹಡಗಿಗೆ ಜಾರಿಸುತ್ತಿದ್ದರು. ಸ್ಯಾನ್ ಫ್ರಾನ್ಸಿಸ್ಕೋದ ಎಷ್ಟೋ ಮನೆಗಳ ಹಲಗೆ ಹೀಗೆ ಇಲ್ಲಿಂದ ಹೋದದ್ದು.

ಬಂದು ನೆಲೆಸಿದವರಲ್ಲಿ ಬಹಳ ಜನ ದೂರದ ಪೂರ್ವ ಕರಾವಳಿಯವರು, ಅದರಲ್ಲೂ ಮೇನ್ ರಾಜ್ಯದ ಕಡೆಯವರು. ತಮ್ಮ ಊರಿನ ಥರವೇ ಮನೆ ಕಟ್ಟಿಕೊಂಡರು. ಅದಕ್ಕೇ ಇಲ್ಲಿ ಕಡಿದಾದ ಸೂರು, ಹಲಗೆ ಹೊದಿಸಿದ ಗೋಡೆ, ಬಿಳಿ ಬೇಲಿ. ವಿಲಿಯಂ ಕೆಲ್ಲಿ ಅನ್ನುವವರು ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಿಂದ ಬಂದು ಇಲ್ಲಿ ಜಮೀನು, ವ್ಯಾಪಾರ ಮಾಡಿ ದೊಡ್ಡವರಾದರು. 1861ರಲ್ಲಿ ಅವರು ಕಟ್ಟಿಸಿದ ಮನೆ ಇವತ್ತು ಮ್ಯೂಸಿಯಂ. ಅವರ ಮಗಳು ಡೇಸಿ, ಅಲೆಕ್ಸಾಂಡರ್ ಮೆಕ್ಯಾಲಂ ಅನ್ನುವವರನ್ನು ಮದುವೆಯಾದಾಗ ಅಪ್ಪ ಉಡುಗೊರೆಯಾಗಿ 1882ರಲ್ಲಿ ಒಂದು ಮನೆ ಕಟ್ಟಿಸಿಕೊಟ್ಟರು. ಅದೇ ಮೆಕ್ಯಾಲಂ ಹೌಸ್. ಊರಿನ ಹೆಸರಾಂತ ತಂಗುಮನೆಗಳಲ್ಲಿ ಅದೂ ಒಂದು. ಅಪ್ಪ ಮಗಳಿಗೆ ಮದುವೆಗೆ ಕೊಟ್ಟ ಮನೆಯಲ್ಲಿ ನೀವು ಅಪ್ಪ ಅಮ್ಮನ ಮದುವೆ ದಿನ ಆಚರಿಸಬಹುದು. ನನಗಂತೂ ಇದು ತುಂಬಾ ಇಷ್ಟವಾದ ಹೊಂದಾಣಿಕೆ.

ಇನ್ನೊಂದೆರಡು ಮನೆಗಳನ್ನೂ ನೋಡಿ. ಜೋಶುವಾ ಗ್ರಿಂಡಲ್ ಇನ್ ಊರಿನ ಬ್ಯಾಂಕಿನವರು 1879ರಲ್ಲಿ ಕಟ್ಟಿಸಿಕೊಂಡಿದ್ದ ಮನೆ. ದಕ್ಷಿಣಕ್ಕೆ ಲಿಟಲ್ ರಿವರ್‌ನಲ್ಲಿರುವ ಗ್ಲೆಂಡೆವನ್ 1867ರ ತೋಟದ ಮನೆ. ಊರಿನ ಗದ್ದಲವೂ ಇಲ್ಲದ ಜಾಗ ಬೇಕಾದರೆ ಅದು. ಯಾವುದೇ ಆಗಲಿ, ಈಗ ನಡೆಸುತ್ತಿರುವವರ ಬಾಯಿಂದಲೇ ಕೋಣೆ, ತಿಂಡಿ ವಿವರ ಕೇಳಿಕೊಳ್ಳಿ. ಈ ಮನೆಗಳು ಕೈ ಬದಲಾಗುತ್ತಿರುತ್ತವೆ, ಪದ್ಧತಿಯೂ ಬದಲಾಗುತ್ತದೆ.

ಗಿರಣಿ 1930ರ ದಶಕದ ಕೊನೆಗೆ ಮುಚ್ಚಿತು. ಊರು ಸೊರಗಿತು. ಹೊಸದಾಗಿ ಕಟ್ಟುವಷ್ಟು ದುಡ್ಡು ಯಾರಲ್ಲೂ ಇರಲಿಲ್ಲ, ಹಾಗಾಗಿ ಹಳೆಯ ಮನೆಗಳು ಹಾಗೇ ಉಳಿದವು. 1959ರಲ್ಲಿ ಇಲ್ಲಿ ಕಲಾಕೇಂದ್ರ ಶುರುವಾದ ಮೇಲೆ ಚಿತ್ರಕಾರರು, ಕುಂಬಾರಿಕೆ ಮಾಡುವವರು ಬಂದು ನೆಲೆಸಿದರು. 1971ರಲ್ಲಿ ಊರಿಗೆ ಊರೇ ಅಮೆರಿಕದ ಐತಿಹಾಸಿಕ ತಾಣಗಳ ಪಟ್ಟಿ ಸೇರಿತು. ಊರಿನ ಮುಂದಿನ ಬಂಡೆನೆಲ ಸರ್ಕಾರದ ಉದ್ಯಾನವಾಯಿತು. ಹೀಗಾಗಿ ಮುಖ್ಯ ಬೀದಿಯಲ್ಲಿ ನಿಂತರೆ ನಿಮಗೂ ಕಡಲಿಗೂ ನಡುವೆ ಕಟ್ಟಡಗಳು ಹೆಚ್ಚಾಗಿ ಅಡ್ಡ ಬರುವುದಿಲ್ಲ. ಊರಲ್ಲಿ ಇರುವುದು ಸಾವಿರದೊಳಗೆ ಜನ.

ಈಗ ತಿಂಡಿಗೆ ಬರೋಣ. ನಮ್ಮವರಿಗೆ ಜಾಸ್ತಿ ತೊಂದರೆಯಾಗುವುದು ಇಲ್ಲೇ. ಬಿ ಅಂಡ್ ಬಿ ತಿಂಡಿ ಅಂದರೆ ಬಫೆ ಅಲ್ಲ. ಎಷ್ಟೋ ಮನೆಗಳಲ್ಲಿ ದಿನಕ್ಕೆ ಒಂದೇ ತಿಂಡಿ, ಒಂದೇ ಹೊತ್ತು. ಆ ತಿಂಡಿ ಬಹುಪಾಲು ಮೊಟ್ಟೆಯದ್ದೇ. ಕೀಶ್, ಫ್ರಿಟಾಟಾ, ಆಮ್ಲೆಟ್ ನೋಡಿದರೆ ಗೊತ್ತಾಗುತ್ತದೆ. ಆದರೆ ಫ್ರೆಂಚ್ ಟೋಸ್ಟ್, ಪ್ಯಾನ್‌ಕೇಕ್, ವಾಫಲ್, ಮಫಿನ್‌ನಲ್ಲೂ ಮೊಟ್ಟೆ ಇರುತ್ತದೆ. ಬರೀ ಸಸ್ಯಾಹಾರಿ ಅಂದರೆ ಅವರ ಲೆಕ್ಕದಲ್ಲಿ ಮೊಟ್ಟೆ ನಡೆಯುತ್ತದೆ ಅಂತಲೇ ಅರ್ಥ. ವೀಗನ್ ಅಂದರೆ ಹಾಲು, ಮೊಸರು, ಬೆಣ್ಣೆಯನ್ನೂ ತೆಗೆದುಬಿಡುತ್ತಾರೆ. ಆಗ ಅಮ್ಮನಿಗೆ ಕಾಫಿಗೆ ಬಾದಾಮಿ ಹಾಲು ಬರುತ್ತದೆ. ಅದಕ್ಕೇ ಬಿಡಿಸಿ ಬರೆಯಿರಿ: ಮಾಂಸ, ಮೀನು, ಮೊಟ್ಟೆ ಬೇಡ, ಹಿಟ್ಟು ಕಲಸುವಾಗಲೂ ಮೊಟ್ಟೆ ಹಾಕಬಾರದು, ಹಾಲು, ಮೊಸರು, ಬೆಣ್ಣೆ, ಚೀಸ್ ಆಗುತ್ತದೆ. ಬುಕ್ ಮಾಡುವಾಗ ಒಮ್ಮೆ, ಹೋಗುವ ಮೂರು ದಿನ ಮುಂಚೆ ಇನ್ನೊಮ್ಮೆ ತಿಳಿಸಿ. ಬೆಳಿಗ್ಗೆ ಮೇಜಿಗೆ ಕೂತ ಮೇಲೆ ಹೇಳಿದರೆ ಪಾಪ, ಅವರಿಗೂ ಕೈಕಟ್ಟಿದಂತಾಗುತ್ತದೆ. ಒಬ್ಬರೇ ಅಡುಗೆ ಮಾಡಿ ಎಲ್ಲರಿಗೂ ಬಡಿಸುವ ಮನೆಗಳೂ ಇವೆ.

ಮೊದಲೇ ಹೇಳಿದರೆ ಒಳ್ಳೆಯದೇ ಸಿಗುತ್ತದೆ. ಓಟ್ಸ್ ಗಂಜಿಗೆ ಬೆಲ್ಲದಂಥ ಕಂದು ಸಕ್ಕರೆ, ಒಣದ್ರಾಕ್ಷಿ. ಬೆಣ್ಣೆಯಲ್ಲಿ ಹುರಿದ ಆಲೂಗಡ್ಡೆ, ಅಣಬೆ. ಊರಲ್ಲೇ ಬೇಕ್ ಮಾಡಿದ ಬ್ರೆಡ್, ಹಣ್ಣಿನ ಜಾಮ್. ಸೆಪ್ಟೆಂಬರ್ ಅಂದರೆ ಸೇಬಿನ ಕಾಲ. ಹತ್ತಿರದ ಆಂಡರ್ಸನ್ ಕಣಿವೆಯ ಸೇಬನ್ನು ದಾಲ್ಚಿನ್ನಿ ಹಾಕಿ ಬೇಯಿಸಿ ಕೊಟ್ಟರೆ ಅಮ್ಮ ಎರಡನೇ ಸಲ ಕೇಳಿ ಹಾಕಿಸಿಕೊಳ್ಳುತ್ತಾರೆ. ಆ ಆಲೂಗಡ್ಡೆ ಬೇಕನ್ (ಹಂದಿಮಾಂಸ) ಹುರಿದ ಬಾಣಲೆಯಲ್ಲಿ ಆಗಬಾರದು ಅನ್ನುವುದನ್ನೂ ಬರೆದುಬಿಡಿ.

ಕೆಲವು ಮನೆಗಳಲ್ಲಿ ಅತಿಥಿಗಳೆಲ್ಲಾ ಒಂದೇ ಉದ್ದ ಮೇಜಿಗೆ ಕೂರುತ್ತಾರೆ. ಅಪರಿಚಿತರು ಎಲ್ಲಿಂದ ಬಂದಿರಿ, ಹೇಗಿದೆ ಊರು ಅಂತ ಮಾತಿಗೆಳೆಯುತ್ತಾರೆ. ನಿವೃತ್ತ ಮೇಷ್ಟ್ರಿಗೆ ಇದು ಹಬ್ಬ. ಅಮ್ಮನಿಗೆ ಇಂಗ್ಲಿಷ್ ಮಾತಾಡಲು ಮುಜುಗರ ಇದ್ದರೆ ಒತ್ತಾಯ ಮಾಡಬೇಡಿ. ಬೇರೆ ಚಿಕ್ಕ ಮೇಜು ಇದೆಯಾ, ಬುಟ್ಟಿಯಲ್ಲಿ ಕೋಣೆಗೇ ತಿಂಡಿ ತಂದಿಡುತ್ತೀರಾ ಅಂತ ಕೇಳಿ. ಬುಟ್ಟಿಯ ಪದ್ಧತಿ ಇಟ್ಟುಕೊಂಡ ಮನೆಗಳಿವೆ. ಜಗಲಿಯಲ್ಲಿ ಶಾಲು ಹೊದ್ದು ಕೂತು ಇಬ್ಬರೇ ತಿಂಡಿ ತಿನ್ನುವುದು ಅವರಿಗೆ ಬಹುಶಃ ಇನ್ನೂ ಇಷ್ಟವಾಗುತ್ತದೆ.

ಬೆಳಗಿನ ಕಾಫಿಗೆ ಬೇರೆಯೇ ತಯಾರಿ ಬೇಕು. ಭಾರತಕ್ಕೂ ಇಲ್ಲಿಗೂ ಸೆಪ್ಟೆಂಬರ್‌ನಲ್ಲಿ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಬಂದ ಹೊಸತರಲ್ಲಿ ಹಿರಿಯರು ಬೆಳಗಿನ ಜಾವ ಮೂರಕ್ಕೇ ಎದ್ದು ಕೂರುತ್ತಾರೆ. ತಿಂಡಿ ಎಂಟೂವರೆಗೆ ಅಂದರೆ ಅಲ್ಲಿಯವರೆಗೆ ಏನು ಮಾಡುವುದು? ಕೋಣೆಯಲ್ಲಿ ಎಲೆಕ್ಟ್ರಿಕ್ ಕೆಟಲ್, ಇಂಡಕ್ಷನ್ ಒಲೆ ಹಚ್ಚಬೇಡಿ. ಹಳೆಯ ಮನೆಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಅನುಮತಿ ಇಲ್ಲ. ಅತಿಥಿಗಳಿಗೆ ಅಂತ ಇಟ್ಟಿರುವ ಫ್ರಿಜ್ಜು, ಬಿಸಿನೀರು ಎಲ್ಲಿ ಅಂತ ಹಿಂದಿನ ಸಂಜೆಯೇ ತಿಳಿದುಕೊಳ್ಳಿ. ಗಟ್ಟಿ ಡಿಕಾಕ್ಷನ್ ಹಾಕಿ ಸಣ್ಣ ಗಾಜಿನ ಬಾಟ್ಲಿಯಲ್ಲಿ ತೆಗೆದುಕೊಂಡು ಹೋಗಿ, ಫ್ರಿಜ್ಜಿನಲ್ಲಿ ಇಡಿ. ರಾತ್ರಿಯೇ ಫ್ಲಾಸ್ಕಿಗೆ ಬಿಸಿ ಹಾಲು ತುಂಬಿಸಿಕೊಂಡರೆ ಬೆಳಗಿನ ಜಾವ ಕಾಫಿ ಆಯಿತು.

ಅಮ್ಮ ದಿನಾ ದೀಪ ಹಚ್ಚುವವರಾದರೆ ಈ ವಿಷಯ ಮನೆಯಲ್ಲೇ ಮಾತಾಡಿಕೊಂಡು ಹೊರಡಿ. ಇವೆಲ್ಲಾ ಒಣಗಿದ ರೆಡ್‌ವುಡ್ ಮರದ ಮನೆಗಳು. 1870ರಲ್ಲಿ ಬೆಂಕಿ ಬಿದ್ದು ಈ ಊರಿನ ಪೇಟೆಯ ದೊಡ್ಡ ಭಾಗ ಸುಟ್ಟುಹೋಗಿತ್ತು. ದೀಪ, ಊದುಬತ್ತಿ, ಕರ್ಪೂರ ಯಾವುದನ್ನೂ ಹಚ್ಚುವ ಹಾಗಿಲ್ಲ. ಕದ್ದು ಹಚ್ಚಿದರೆ ಹೊಗೆಯ ಅಲಾರಂ ಕೂಗಿ ಮನೆಯವರೆಲ್ಲಾ ಎದ್ದು ಓಡಿಬರುತ್ತಾರೆ. ಅಮ್ಮನಿಗೆ ನಾಚಿಕೆಯಾಗುತ್ತದೆ, ದಂಡವೂ ಬೀಳಬಹುದು. ಬ್ಯಾಟರಿ ದೀಪ ಇಟ್ಟುಕೊಳ್ಳಬಹುದು. ಇಲ್ಲವೇ ಬೆಳಿಗ್ಗೆ ಹೊರಗೆ ಹೋಗಿ ಸೂರ್ಯನಿಗೆ ಕೈ ಮುಗಿಯಬಹುದು. ಇಲ್ಲಿ ಸೂರ್ಯ ಹುಟ್ಟುವುದು ಬೆಟ್ಟದ ಕಡೆ, ಮುಳುಗುವುದು ಕಡಲಿಗೆ. ಶಿವಮೊಗ್ಗದವರಿಗೆ ನಮ್ಮ ಕರಾವಳಿಯ ದಿಕ್ಕೇ ಅಂತ ಹೇಳಿದರೆ ಸಾಕು, ಗೊತ್ತಾಗುತ್ತದೆ.

ನೀರಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಎಲ್ಲಿ ನೋಡಿದರೂ ಕಾಣುವ ಆ ಮರದ ಗೋಪುರಗಳು ಶೋಕಿಗೆ ಕಟ್ಟಿದ್ದಲ್ಲ. ಮೆಂಡೊಸಿನೋಗೆ ಊರಿನ ನಲ್ಲಿ ನೀರು ಇವತ್ತಿಗೂ ಇಲ್ಲ. ಮನೆಮನೆಗೂ ಅವರದೇ ಬಾವಿ, ಅವರದೇ ಟ್ಯಾಂಕು. ಆಗ ಗಾಳಿಯಂತ್ರದಿಂದ ನೀರೆತ್ತಿ ಗೋಪುರದ ಮೇಲಿನ ಮರದ ತೊಟ್ಟಿಗೆ ತುಂಬಿಸುತ್ತಿದ್ದರು. ಮಳೆ ಬೀಳುವುದು ಚಳಿಗಾಲದಲ್ಲಿ. ಹಾಗಾಗಿ ಸೆಪ್ಟೆಂಬರ್ ಹೊತ್ತಿಗೆ ಬಾವಿಗಳು ತಳ ಕಂಡಿರುತ್ತವೆ. 2021ರ ಬರದಲ್ಲಂತೂ ಲಾರಿಗಳಲ್ಲಿ ನೀರು ತರಿಸಿಕೊಂಡು ಊರು ನಡೆಯಿತು. ಅತಿಥಿಗಳಿಗೆ ಚಿಕ್ಕ ಸ್ನಾನ ಮಾಡಿ ಅಂತ ಕೇಳಿಕೊಳ್ಳುವ ಪರಿಸ್ಥಿತಿ ಬಂತು. ನೀವು ಹೋಗುವುದು ಅದೇ ಒಣ ತಿಂಗಳಲ್ಲಿ. ನಲ್ಲಿ ಸುಮ್ನೆ ಬಿಟ್ಟಿರಬೇಡಿ, ಟವಲ್ ದಿನಾ ಬದಲಾಯಿಸಲು ಕೇಳಬೇಡಿ. ಬೇಸಿಗೆಯಲ್ಲಿ ಬಾವಿ ಬತ್ತುವುದನ್ನು ಕಂಡು ಬೆಳೆದ ನಮ್ಮ ಹಿರಿಯರಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ.

ರಾತ್ರಿ ಗೋಡೆಗಳ ಬಗ್ಗೆ ಎಚ್ಚರ ಇರಲಿ. ಮರದ ಗೋಡೆ, ಮರದ ನೆಲ, ಪಿಸುಮಾತೂ ಪಕ್ಕದ ಕೋಣೆಗೆ ಕೇಳುತ್ತದೆ. ಊರಿಗೆ ವಿಡಿಯೋ ಕಾಲ್ ಮಾಡಿ ಸ್ಪೀಕರ್‌ನಲ್ಲಿ ಮಾತಾಡುವುದಿದ್ದರೆ ಸಂಜೆ ಏಳಕ್ಕೇ ಮುಗಿಸಿಬಿಡಿ. ಆಗ ಶಿವಮೊಗ್ಗದಲ್ಲಿ ಬೆಳಿಗ್ಗೆ ಏಳೂವರೆ, ಎಲ್ಲರೂ ಎದ್ದಿರುತ್ತಾರೆ. ರಾತ್ರಿ ಊಟಕ್ಕೂ ಬೇಗ ಹೋಗಬೇಕು. ಎಂಟೂವರೆ ಆದ ಮೇಲೆ ಊರಲ್ಲಿ ಬಾಗಿಲು ತೆರೆದಿರುವ ಜಾಗ ಹುಡುಕುವುದು ಕಷ್ಟ. ಚಪಾತಿ, ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೋಗುವುದರಲ್ಲಿ ತಪ್ಪೇನಿಲ್ಲ. ಆದರೆ ಕೋಣೆಯಲ್ಲಿ ಬಿಚ್ಚಬೇಡಿ. ಒಗ್ಗರಣೆ ವಾಸನೆ ಹಳೆಯ ಪರದೆ, ಹಾಸಿಗೆಗಳಲ್ಲಿ ಕೂತುಬಿಡುತ್ತದೆ. ಬಂಡೆನೆಲದ ಉದ್ಯಾನದಲ್ಲಿ ಕೂತು ತಿನ್ನಿ, ಅದೇ ಚೆಂದ.

ದಾರಿಯ ವಿಷಯಕ್ಕೆ ಬಂದರೆ, ಫ್ರೀಮಾಂಟ್‌ನಿಂದ ನಿಲ್ಲದೆ ಓಡಿಸಿದರೂ ನಾಲ್ಕು ಗಂಟೆಗೆ ಕಡಿಮೆ ಇಲ್ಲ. ಹಿರಿಯರು, ಮಗು ಇರುವಾಗ ಆರು ಗಂಟೆ ಇಟ್ಟುಕೊಳ್ಳಿ. 101ನೇ ಹೆದ್ದಾರಿಯಲ್ಲಿ ಕ್ಲೋವರ್‌ಡೇಲ್‌ವರೆಗೆ ಆರಾಮ. ಅಲ್ಲಿಂದ 128ನೇ ರಸ್ತೆ ಹಿಡಿದು ಕಡಲು ಮುಟ್ಟುವವರೆಗೆ ಸುಮಾರು 90 ಕಿಲೋಮೀಟರ್. ಮೊದಲರ್ಧ ಒಂದಾದ ಮೇಲೊಂದು ತಿರುವು. ಆಗುಂಬೆ ಘಾಟಿ ಇಳಿಯುವಾಗ ವಾಂತಿ ಮಾಡಿಕೊಳ್ಳುವವರು ಯಾರಾದರೂ ಇದ್ದರೆ ಕ್ಲೋವರ್‌ಡೇಲ್‌ಗೆ ಬರುವ ಮುಂಚೆಯೇ ಮಾತ್ರೆ ಕೊಟ್ಟಿರಿ. ಫೋನ್ ಸಿಗ್ನಲ್ ಹೋಗಿಬಿಡುತ್ತದೆ, ಮ್ಯಾಪ್ ಇಳಿಸಿಕೊಂಡಿರಿ. ಫೈಲೋ ಅನ್ನುವ ಊರಿನ ಹತ್ತಿರ ಹೆಂಡಿ ವುಡ್ಸ್ ಅನ್ನುವ ಉದ್ಯಾನದಲ್ಲಿ ನಿಲ್ಲಿಸಿ. ಕಡಿಯದೇ ಉಳಿದ ಹಳೆಯ ರೆಡ್‌ವುಡ್ ಕಾಡು ಅಲ್ಲಿದೆ. ಸಮತಟ್ಟಾದ ಚಿಕ್ಕ ದಾರಿ ಇರುವುದರಿಂದ ಅಮ್ಮನೂ ನಡೆಯಬಹುದು. ಆಮೇಲೆ ನವಾರೋ ನದಿಯ ಜೊತೆಜೊತೆಗೆ ರಸ್ತೆ ಹೋಗುತ್ತದೆ. ಎರಡೂ ಕಡೆಯ ಮರಗಳು ಸೂರ್ಯನನ್ನೇ ಮರೆಮಾಡುತ್ತವೆ. ಅದು ಮುಗಿದ ಕೂಡಲೇ ಎದುರಿಗೆ ಕಡಲು. ಈ ದಾರಿಯನ್ನು ಕತ್ತಲೆಯಲ್ಲಿ ಓಡಿಸಬೇಡಿ. ತಿರುವುಗಳ ಭಯವೂ ಇದೆ, ನೋಡುವುದೂ ತಪ್ಪಿಹೋಗುತ್ತದೆ. ಇಂಥ ಮನೆಗಳಲ್ಲಿ ರಾತ್ರಿ ಕೌಂಟರಿನಲ್ಲಿ ಯಾರೂ ಕೂತಿರುವುದಿಲ್ಲ. ಸಂಜೆ ಆರರ ಮೇಲೆ ತಲುಪುವುದಾದರೆ ಫೋನ್ ಮಾಡಿ ತಿಳಿಸಿ, ಬೀಗದ ಕೈ ಎಲ್ಲಿಟ್ಟಿರುತ್ತಾರೆ ಅಂತ ಹೇಳುತ್ತಾರೆ.

ಅಲ್ಲಿ ಹೋದ ಮೇಲೆ ಜಾಸ್ತಿ ಓಡಾಡುವ ಯೋಜನೆ ಹಾಕಬೇಡಿ. ಊರು ಚಿಕ್ಕದು. ಅಪ್ಪನನ್ನು ಕೆಲ್ಲಿ ಹೌಸ್ ಮ್ಯೂಸಿಯಂಗೆ, ಆಲ್ಬಿಯನ್ ಬೀದಿಯಲ್ಲಿರುವ ಕ್ವಾನ್ ತಾಯ್ ಗುಡಿಗೆ ಕರೆದುಕೊಂಡು ಹೋಗಿ. ಮರ ಕಡಿಯಲು, ಗಿರಣಿ ಕೆಲಸಕ್ಕೆ ಬಂದ ಚೀನೀಯರು 19ನೇ ಶತಮಾನದಲ್ಲಿ ಕಟ್ಟಿಕೊಂಡ ಪುಟ್ಟ ಕೆಂಪು ಗುಡಿ ಅದು. ಮೇಸನಿಕ್ ಹಾಲ್ ಅನ್ನುವ ಹಳೆಯ ಕಟ್ಟಡದ ನೆತ್ತಿಯ ಮೇಲೆ ಒಂದೇ ರೆಡ್‌ವುಡ್ ದಿಮ್ಮಿಯಲ್ಲಿ ಕೆತ್ತಿದ ಮುದುಕ ಮತ್ತು ಕನ್ಯೆಯ ಬಿಳಿ ವಿಗ್ರಹ ಇದೆ, ಕತ್ತೆತ್ತಿ ನೋಡಲು ಹೇಳಿ. ಪಾಯಿಂಟ್ ಕ್ಯಾಬ್ರಿಲೋ ದೀಪಸ್ತಂಭ 1909ರದ್ದು. ಫ್ರಾಲಿಕ್ ಹಡಗಿನ ಕಥೆ, ವಸ್ತುಗಳು ಅಲ್ಲಿವೆ. ಕಾರು ನಿಲ್ಲಿಸಿ ಅರ್ಧ ಮೈಲಿಯಷ್ಟು ನಡೆಯಬೇಕು. ಅಮ್ಮನಿಗೆ ಕಷ್ಟವಾದರೆ ಹತ್ತಿರದವರೆಗೆ ಕಾರು ಬಿಡುತ್ತಾರಾ ಅಂತ ಮುಂಚೆ ಫೋನ್ ಮಾಡಿ. ತಿಮಿಂಗಿಲ ಮಾತ್ರ ಈ ಸಲ ಸಿಗುವುದು ಅನುಮಾನ. ಬೂದು ತಿಮಿಂಗಿಲಗಳು ಇಲ್ಲಿ ಹಾದುಹೋಗುವುದು ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ.

ಬಂಡೆಯಂಚಿನ ದಾರಿ ನೋಡಲು ಸುಲಭ, ಆದರೆ ತುದಿಯ ಮಣ್ಣು ಕುಸಿಯುತ್ತದೆ. ಕೆಳಗೆ ಮರಳಿಗೆ ಇಳಿದರೆ ಕಡಲಿಗೆ ಬೆನ್ನು ಹಾಕಿ ಫೋಟೋಗೆ ನಿಲ್ಲಬೇಡಿ. ಶಾಂತವಾಗಿದ್ದ ಕಡಲಿನಿಂದ ಇದ್ದಕ್ಕಿದ್ದಂತೆ ದೊಡ್ಡ ಅಲೆ ಬಂದು ಎಳೆದುಕೊಂಡು ಹೋದ ಘಟನೆಗಳು ಈ ಕರಾವಳಿಯಲ್ಲಿ ಪದೇ ಪದೇ ಆಗಿವೆ. ನೀರು ವರ್ಷವಿಡೀ ಕೊರೆಯುವ ತಣ್ಣಗೆ. ಇದು ಮುರುಡೇಶ್ವರದ ಕಡಲಲ್ಲ, ಕಾಲು ನೆನೆಸುವ ಆಸೆಯನ್ನೂ ಅಳೆದು ಸುರಿದು ಪೂರೈಸಿಕೊಳ್ಳಿ. ಅಮ್ಮನಿಗೆ ಸೀರೆಯ ಮೇಲೆ ಗಾಳಿ ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೋಪಿ, ಶೂ ಬೇಕೇ ಬೇಕು. ಜುಲೈ, ಆಗಸ್ಟ್‌ನಲ್ಲಿ ಒಳನಾಡು ಸುಡುತ್ತಿರುವಾಗ ಇಲ್ಲಿ ದಿನವಿಡೀ ಮಂಜು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅದು ತಿಳಿಯಾಗುವುದು ಜಾಸ್ತಿ. ಹಾಗಾಗಿ ನೀವು ಆರಿಸಿದ ತಿಂಗಳು ಚೆನ್ನಾಗಿದೆ.

ಮಗಳ ವಿಷಯ ಕೊನೆಗೆ ಇಟ್ಟುಕೊಂಡೆ, ಯಾಕೆಂದರೆ ಎಷ್ಟು ಕೋಣೆ ಅನ್ನುವುದು ಅದರ ಮೇಲೆ ನಿಂತಿದೆ. ಹಳೆಯ ಗಾಜು, ಹಳೆಯ ಕುರ್ಚಿ, ತೆಳು ಗೋಡೆ ಇರುವ ಮುಖ್ಯ ಮನೆಗೆ ಚಿಕ್ಕ ಮಕ್ಕಳು ಬರುವುದು ಎಷ್ಟೋ ಕಡೆ ಅವರಿಗೆ ಇಷ್ಟವಿಲ್ಲ. ಮುಚ್ಚಿಡಬೇಡಿ, ಐದು ವರ್ಷದ ಮಗು ಇದೆ ಅಂತ ನೇರವಾಗಿ ಹೇಳಿ. ನನ್ನ ಸಲಹೆ ಇಷ್ಟು: ಒಂದೇ ಹಿತ್ತಲಿನಲ್ಲಿ ಅಪ್ಪ ಅಮ್ಮನಿಗೆ ನೆಲಮಟ್ಟದ ಕೋಣೆ, ನಿಮಗೂ ಮಗಳಿಗೂ ಪಕ್ಕದ ಕಾಟೇಜು ಸಿಕ್ಕರೆ ಹಿಡಿಯಿರಿ. ಹಾಗೆ ಸಿಗದಿದ್ದರೆ ಅವರಿಬ್ಬರಿಗೆ ಮಾತ್ರ ಹಳೆಯ ಮನೆ ಮಾಡಿ, ನೀವು ನಡೆದು ಹೋಗುವ ದೂರದಲ್ಲಿ ಸಾದಾ ಜಾಗ ನೋಡಿಕೊಳ್ಳಿ. ಮದುವೆಯ ದಿನ ಅವರದ್ದು ಅಲ್ವಾ. ರಾತ್ರಿ ಏನಾದರೂ ಬೇಕಾದರೆ ಇರಲಿ ಅಂತ ಒಂದು ಟಾರ್ಚ್, ಮನೆ ನಡೆಸುವವರ ನಂಬರು ಅಪ್ಪನ ಕೈಗೆ ಕೊಟ್ಟಿರಿ. ನಿಮ್ಮ ಫೋನ್ ಸಿಗ್ನಲ್ ನಂಬಬೇಡಿ.

ದಿನ ಆರಿಸುವಾಗ ಶನಿವಾರ ಬಿಡಿ. ವಾರದ ಕೊನೆಗೆ ಬಾಡಿಗೆ ಜಾಸ್ತಿ, ಎರಡು ರಾತ್ರಿಗೆ ಕಡಿಮೆ ಕೊಡುವುದೂ ಇಲ್ಲ. ಮಂಗಳವಾರ, ಬುಧವಾರ ಹಿಡಿದರೆ ದುಡ್ಡೂ ಉಳಿಯುತ್ತದೆ, ನಿಮಗೆ ಬೇಕಾದ ಆ ಒಂದು ಕೋಣೆ ಖಾಲಿ ಇರುವ ಸಾಧ್ಯತೆಯೂ ಜಾಸ್ತಿ. ಹೇಳಿದ ಬಾಡಿಗೆಯ ಮೇಲೆ ಹತ್ತು ಪರ್ಸೆಂಟಿಗೂ ಮೀರಿ ತೆರಿಗೆ ಸೇರುತ್ತದೆ, ಒಟ್ಟು ಎಷ್ಟು ಅಂತ ಕೇಳಿಕೊಳ್ಳಿ. ಏಳೆಂಟು ಕೋಣೆಯ ಮನೆಗೆ ಒಂದು ಕೋಣೆ ಖಾಲಿ ಬಿದ್ದರೂ ನಷ್ಟ, ಅದಕ್ಕೇ ಕೊನೆಯ ಒಂದೆರಡು ವಾರದಲ್ಲಿ ರದ್ದು ಮಾಡಿದರೆ ಅಡ್ವಾನ್ಸ್ ವಾಪಸ್ ಬರುವುದು ಕಷ್ಟ. ಅಪ್ಪ ಅಮ್ಮನ ವಿಮಾನ ಇಳಿದು ಎರಡು ವಾರ ಆದ ಮೇಲಿನ ದಿನಾಂಕ ಇಟ್ಟುಕೊಳ್ಳಿ. ಅಷ್ಟರಲ್ಲಿ ನಿದ್ದೆಯೂ ಸರಿಹೋಗಿರುತ್ತದೆ, ಅಮ್ಮನ ಮಂಡಿ ಹೇಗಿದೆ ಅಂತಲೂ ಗೊತ್ತಾಗಿರುತ್ತದೆ. ಬುಕ್ಕಿಂಗ್ ಮಾತ್ರ ಈಗಲೇ, ಫೋನಿನಲ್ಲೇ ಮಾಡಿ, ಕೋಣೆಯ ಹೆಸರನ್ನು ಈಮೇಲಿನಲ್ಲಿ ಬರೆಸಿಕೊಳ್ಳಿ.